ವಿನ್ಯಾಸ, ನಾವೀನ್ಯ ಮತ್ತು ಕಬ್ಬಿಣದ ನೇಗಿಲು

ಪುಣೆಯ ವಿನ್ಯಾಸಶಾಲೆಗಳ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಮಟ್ಟಿಗೆ ವಿದೇಶದ ವಿಶ್ವವಿದ್ಯಾಲಯಗಳಿಗೆ ಹೋಗಿಬರುವುದು ಈಗ ವಿರಳವಲ್ಲ. ಅಲ್ಲಿ ಬೋಧಿಸಲಾಗುವ ವಿಷಯಗಳಲ್ಲಿ ‘ವಿನ್ಯಾಸಪ್ರೇರಿತ ನಾವೀನ್ಯ’ವೂ ಒಂದು. ಈ ಹೆಸರಿನ ಗ್ರಂಥವನ್ನು 2009ರಲ್ಲಿ ಪ್ರಕಟಿಸಿದ ಇಟಲಿಯ ರೊಬೆರ್ತೊ ವೆರ್ಗಾಂತಿಯವರ ವಾದವಿಷ್ಟು: ವಸ್ತುವಿನ ರೂಪವನ್ನೋ ಯಂತ್ರಗುಣವನ್ನೋ ತಿದ್ದಿದರೆ ಸಾಲದು, ಬಳಸುವವನ ಪಾಲಿಗೆ ಅದರ ಅರ್ಥವೇ ಬದಲಾಗಬೇಕು. ಅಂಥ ಹೊಸ ಅರ್ಥವು ಬಳಕೆದಾರರನ್ನು ಕೇಳಿ ದೊರೆಯುವಂಥದಲ್ಲ. ತಯಾರಕನೇ ಅದನ್ನು ಮುಂದಿಡಬೇಕು.

ಈ ವಾದದ ಪೂರ್ವಾರ್ಧಕ್ಕೆ ಕನ್ನಡ ನಾಡಿನಲ್ಲಿಯೇ ಪ್ರಬಲ ನಿದರ್ಶನವುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿಯಹೊರಟು, ಭಾಗಶಃ ವರ್ಣಾಂಧತೆಯಿಂದಾಗಿ ಯಂತ್ರರೇಖನಕ್ಕೆ ತಿರುಗಿದವರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವರು ತಯಾರಿಸಿದ ಕಬ್ಬಿಣದ ನೇಗಿಲನ್ನು ರೈತರು ಮೊದಲು ಕೊಳ್ಳಲಿಲ್ಲ; ಕಬ್ಬಿಣದಿಂದ ನೆಲಕ್ಕೆ ವಿಷವೇರುವುದೆಂದು ಅಂಜಿದರು. ಮರದ ನೇಗಿಲಿಗೂ ಕಬ್ಬಿಣದ ಕುಳವಿತ್ತಷ್ಟೆ! ಆದುದರಿಂದ ಆ ಅಂಜಿಕೆ ಲೋಹದ್ದಲ್ಲ. ಪರಿಚಿತ ನೇಗಿಲಿನ ಅರ್ಥ ಕದಡಿದುದರದು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ವೆರ್ಗಾಂತಿಯವರ ವಾದ ಅಪೂರ್ಣವೆನಿಸುವುದು ಇಲ್ಲಿಯೇ. ಹೊಸ ಅರ್ಥವನ್ನು ಮುಂದಿಡುವವನು ತಯಾರಕನಾದರೂ ಅದನ್ನು ಒಪ್ಪಬೇಕಾದವನು ರೈತ. ಆ ಒಪ್ಪಿಗೆ ಹೊಲದಲ್ಲಿ, ಅವನ ನುಡಿಯಲ್ಲಿ, ನಿಧಾನವಾಗಿ ದೊರೆಯತಕ್ಕದ್ದು. ಆರು ತಿಂಗಳ ವ್ಯಾಸಂಗವು ವಸ್ತುವನ್ನು ರೂಪಿಸುವ ಕ್ರಮವನ್ನು ಕಲಿಸೀತು. ಕಾದು ಕುಳಿತ ಆ ಎರಡು ವರ್ಷಗಳನ್ನು ಕಲಿಸಲಾರದು. ಮರಳಿ ಬಂದ ವಿದ್ಯಾರ್ಥಿಗೆ ಕಿರ್ಲೋಸ್ಕರರ ನೇಗಿಲು ಉಳಿದರ್ಧದ ಪಾಠವಾಗಬೇಕು.