ಸುಂಕ ಮತ್ತು ಸಂಕ: ಘಟ್ಟದ ಮೇಲಿನ ತಾಲ್ಲೂಕುಗಳ ದಾರಿವೆಚ್ಚ

ದಾರಿಯನ್ನು ಸವೆಸುವವನೇ ಅದರ ವೆಚ್ಚವನ್ನು ತೆರಬೇಕೆಂಬುದು ಆಡಂ ಸ್ಮಿತ್ತನು 1776ರಲ್ಲಿ ಪ್ರಕಟಿಸಿದ ಗ್ರಂಥದ ಐದನೆಯ ಭಾಗದಲ್ಲಿ ಮಂಡಿಸಿರುವ ತತ್ತ್ವ. ಗಾಡಿಯ ತೂಕಕ್ಕೆ ತಕ್ಕಂತೆ ಸುಂಕ ವಿಧಿಸಿದರೆ ವ್ಯಾಪಾರವಿರುವಲ್ಲಿ ಮಾತ್ರ ರಸ್ತೆಯಾಗುತ್ತದೆ, ಜನವಿಲ್ಲದೆಡೆ ಹೆದ್ದಾರಿ ಕಟ್ಟುವ ದುಂದು ತಪ್ಪುತ್ತದೆ ಎಂದು ಅವನ ವಾದ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ವಾದವನ್ನು ಒರೆಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ತತ್ತ್ವವು ಸಲ್ಲುವ ದಾರಿ ಇಲ್ಲಿಯೂ ಉಂಟು. ಧಾರವಾಡ ಸೀಮೆಯ ಹತ್ತಿ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟವಿಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಹತ್ತಿಯ ವರ್ತಕರ ಒತ್ತಾಯವಿತ್ತು. ಅಂಥ ದಾರಿ ಸರಕಿನಿಂದಲೇ ತನ್ನ ವೆಚ್ಚವನ್ನು ಎತ್ತಬಲ್ಲುದು.

ಆದರೆ ಇಲ್ಲಿಯ ಊರುಗಳು ಒತ್ತಾಗಿ ಕೂಡಿಕೊಂಡವಲ್ಲ. ಅಡಕೆ ತೋಟದ ಕಣಿವೆಗೆ ಎರಡು ಮೂರು ಮನೆ, ನಡುವೆ ಹಳ್ಳ, ಹಳ್ಳಕ್ಕೆ ಮರದ ದಿಮ್ಮಿಯದೋ ಅಡಕೆ ದಬ್ಬೆಯದೋ ಒಂದು ಕಾಲುಸಂಕ. ಮಳೆಗಾಲದಲ್ಲಿ ಶಾಲೆಯ ಮಕ್ಕಳು ದಾಟಬೇಕಾದುದು ಇದನ್ನೇ. ಸಂಕದ ಮೇಲೆ ಗಾಲಿ ಉರುಳದು, ಪೆಟ್ರೋಲು ಉರಿಯದು. ಸ್ಮಿತ್ತನ ಲೆಕ್ಕದಲ್ಲಿ ಅದು ಸೊನ್ನೆ.

ಫ್ರಾನ್ಸಿನ ಎಂಜಿನಿಯರ್ ಡ್ಯೂಪ್ವಿ 1844ರಲ್ಲಿ ಬೇರೊಂದು ಅಳತೆಯನ್ನು ಸೂಚಿಸಿದನು. ಸೇತುವೆಯ ಉಪಯೋಗವನ್ನು ವಸೂಲಾದ ಸುಂಕದಿಂದ ಅಳೆಯಲಾಗದು. ದಾಟುವವನು ಅದಕ್ಕಾಗಿ ಎಷ್ಟನ್ನು ಬಿಟ್ಟುಕೊಡಲು ಸಿದ್ಧನೋ ಅದೇ ಅಳತೆ. 2021ರ ಜುಲೈ ನೆರೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾದಾಗ ಆಚೆ ದಡದ ಹಳ್ಳಿಗಳವರು ಡ್ಯೂಪ್ವಿಯ ಹೆಸರನ್ನೇ ಕೇಳದೆ ಈ ಸಿದ್ಧಾಂತವನ್ನು ಕಲಿತರು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸುಂಕತತ್ತ್ವವನ್ನು ತೊರೆದಂತೆ ಮೇಲುನೋಟಕ್ಕೆ ಕಾಣುತ್ತದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ದರವಿಲ್ಲ; ಅದನ್ನು ಸಾರಿಗೆ ಸಂಸ್ಥೆಗೆ ತುಂಬಿಕೊಡುವ ಹೊಣೆ ಸರ್ಕಾರದ್ದು. ಆದರೆ ತುಂಬಿಕೊಡಬೇಕಾದ ಹಣವನ್ನು ಎಣಿಸುವುದು ಶೂನ್ಯದರದ ಟಿಕೆಟುಗಳ ಮೌಲ್ಯದಿಂದ. ಹುಬ್ಬಳ್ಳಿಯ ದಾರಿಯಲ್ಲಿ ತುಂಬಿ ಓಡುವ ಬಸ್ಸಿಗೆ ಹೆಚ್ಚು, ಕಣಿವೆಗಿಳಿದು ಐದಾರು ಮಂದಿಯನ್ನು ಹತ್ತಿಸಿಕೊಂಡು ಬರುವ ಬಸ್ಸಿಗೆ ಅಲ್ಪ, ಬಸ್ಸೇ ಹೋಗದ ಊರಿಗೆ ಏನೂ ಇಲ್ಲ. ಸುಂಕದ ಕಟ್ಟೆಯನ್ನು ಕಿತ್ತೆವು, ಅದರ ಲೆಕ್ಕದ ಪುಸ್ತಕವನ್ನು ಮಾತ್ರ ಇಟ್ಟುಕೊಂಡೆವು.

ಇದಕ್ಕಿಂತ ಹಳೆಯ ಏರ್ಪಾಡೊಂದನ್ನು ಇಲ್ಲಿ ನೆನೆಯಬಹುದು. ಮುಂಬಯಿ ಪ್ರಾಂತದಲ್ಲಿ 1860ರ ದಶಕದಿಂದ ಭೂಕಂದಾಯದ ರೂಪಾಯಿಗೆ ಒಂದಾಣೆಯನ್ನು ಹೆಚ್ಚಾಗಿ ಪಡೆದು, ಆ ಸ್ಥಳೀಯ ನಿಧಿಯನ್ನು ರಸ್ತೆ, ಶಾಲೆ ಮೊದಲಾದವಕ್ಕೆ ವಿನಿಯೋಗಿಸುತ್ತಿದ್ದರು. ದಾರಿಯಾದರೆ ಗಾಡಿಯಿಲ್ಲದವನ ತೋಟಕ್ಕೂ ಬೆಲೆ ಬರುತ್ತದೆಂಬ ತಿಳಿವು ಅದರಲ್ಲಿತ್ತು. ದೋಷವೂ ಇತ್ತು: ಕಂದಾಯ ಬೆಳೆದಷ್ಟೇ ನಿಧಿ ಬೆಳೆಯುತ್ತಿತ್ತು, ದಾಟಬೇಕಾದ ಹಳ್ಳಗಳೆಷ್ಟೆಂದು ಅದು ಕೇಳುತ್ತಿರಲಿಲ್ಲ.

ಈ ಕಾರಣಗಳಿಂದ ಸಂಕದ ವೆಚ್ಚವನ್ನು ರಾಜ್ಯದ ಸಾಮಾನ್ಯ ಬೊಕ್ಕಸವೇ ಹೊರಬೇಕೆಂದೂ, ಬಸ್ಸಿನ ಸಹಾಯಧನವನ್ನು ಟಿಕೆಟಿಗೆ ಬದಲು ಓಡಿದ ಕಿಲೋಮೀಟರಿಗೆ ಕೊಡಬೇಕೆಂದೂ ನನ್ನ ಅಭಿಪ್ರಾಯ. ಖಾಲಿ ಬಸ್ಸನ್ನೋಡಿಸಿ ಹಣ ಪಡೆಯುವ ಚಾಳಿ ಬೆಳೆದೀತೆಂಬ ಆಕ್ಷೇಪ ನಿಜವಾದುದೇ. ವೇಳಾಪಟ್ಟಿಗೆ ಆಯಾ ಗ್ರಾಮಪಂಚಾಯತಿಯ ಒಪ್ಪಿಗೆಯನ್ನು ಕಡ್ಡಾಯ ಮಾಡಿದರೆ ಅದು ಬಹುಮಟ್ಟಿಗೆ ತಗ್ಗಬಹುದು.