ಯುರೋಪಿನ ಜನರನ್ನು ಕೇಳಿದ್ದೇನು, ಅವರು ಹೇಳಿದ್ದೇನು

ಜನರ ಮನಸ್ಸನ್ನು ಅಳೆಯಲು ಯುರೋಪಿಯನ್ ಒಕ್ಕೂಟಕ್ಕೆ ತನ್ನದೇ ಆದ ಒಂದು ಸಾಧನವಿದೆ. ಯುರೋಬ್ಯಾರೋಮೀಟರ್ ಎಂಬ ಈ ಸಮೀಕ್ಷೆ 1970ರ ದಶಕದಿಂದ ನಡೆಯುತ್ತ ಬಂದಿದೆ. ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ದೇಶಕ್ಕೆ ಸುಮಾರು ಸಾವಿರ ಜನರನ್ನು ಮಾತನಾಡಿಸುತ್ತಾರೆ. ಒಕ್ಕೂಟದ ನಾಗರಿಕರು ಯಾವ ಸದಸ್ಯ ದೇಶದಲ್ಲಾದರೂ ನೆಲೆಸಿ, ಓದಿ, ದುಡಿದು, ವ್ಯಾಪಾರ ಮಾಡುವ ಸ್ವಾತಂತ್ರ್ಯವನ್ನು ಬೆಂಬಲಿಸುತ್ತೀರಾ ಎಂದು ಕೇಳಿದರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಹೌದೆನ್ನುತ್ತಾರೆ. ಬೇರೆ ಸದಸ್ಯ ದೇಶಗಳಿಂದ ಜನ ವಲಸೆ ಬರುವುದರ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಅದೇ ಸಮೀಕ್ಷೆ ಕೇಳಿದಾಗ ಒಳ್ಳೆಯದೆನ್ನುವವರ ಪ್ರಮಾಣ ಎದ್ದು ಕಾಣುವಷ್ಟು ಇಳಿಯುತ್ತದೆ. ಎರಡೂ ಪ್ರಶ್ನೆಗಳು ಒಂದೇ ವ್ಯವಸ್ಥೆಯ ಕುರಿತಾದವು. ಒಂದು ದೇಶದಿಂದ ಹೊರಟವರು ಇನ್ನೊಂದು ದೇಶಕ್ಕೆ ಬಂದೇ ಬರಬೇಕಲ್ಲ.

ಇದನ್ನು ಮುಂದಿಟ್ಟುಕೊಂಡು ಯುರೋಪಿನ ಜನ ತಮಗೊಂದು ನ್ಯಾಯ, ಪರರಿಗೊಂದು ನ್ಯಾಯ ಎನ್ನುವವರು ಎಂದು ತೀರ್ಮಾನಿಸುವುದು ಸುಲಭ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ದೋಷ ಹೆಚ್ಚಾಗಿರುವುದು ಜನಾಭಿಪ್ರಾಯವನ್ನು ಅಳೆಯುವ ಪದ್ಧತಿಯಲ್ಲಿ. ಸಮೀಕ್ಷೆಯಾಗಲಿ, ಜನಮತಗಣನೆಯಾಗಲಿ, ಮುಕ್ತ ಸಂಚಾರ ಬೇಕೇ ಬೇಡವೇ ಎಂದು ಕೇಳುತ್ತದೆ. ಯಾವ ಕೂಲಿಗೆ, ಎಂಥ ವಸತಿಯಲ್ಲಿ, ಯಾರ ಖರ್ಚಿನಲ್ಲಿ ಎಂದು ಕೇಳುವುದು ಅಪರೂಪ. ಜನ ಉತ್ತರಿಸುತ್ತಿರುವುದು ಮಾತ್ರ ಈ ಕೇಳದ ಪ್ರಶ್ನೆಗೇ.

ಕಾರ್ಮಿಕರ ಮುಕ್ತ ಸಂಚಾರ 1957ರ ರೋಮ್ ಒಪ್ಪಂದದಷ್ಟು ಹಳೆಯದು. 1968ರಲ್ಲಿ ಅದಕ್ಕೆ ವಿವರವಾದ ಕಾನೂನಿನ ರೂಪ ಬಂತು. ಸದಸ್ಯ ದೇಶದ ಕಾರ್ಮಿಕ ಇನ್ನೊಂದು ಸದಸ್ಯ ದೇಶದಲ್ಲಿ ಕೆಲಸದ ಪರವಾನಗಿಯಿಲ್ಲದೆ ದುಡಿಯಬಹುದು. ಸ್ಥಳೀಯನಿಗೆ ಸಿಗುವ ಸಂಬಳ ಸವಲತ್ತು ಅವನಿಗೂ ಸಿಗಬೇಕು. ಮೊದಲ ದಶಕಗಳಲ್ಲಿ ಇದು ಜಗಳದ ವಿಷಯವಾಗಲಿಲ್ಲ. ಚಿತ್ರ ಬದಲಾದದ್ದು 2004ರ ಮೇ 1ರಂದು. ಅಂದು ಸೇರಿದ ಹತ್ತು ದೇಶಗಳಲ್ಲಿ ಎಂಟು ಹಿಂದೆ ಕಮ್ಯುನಿಸ್ಟ್ ಆಡಳಿತದಲ್ಲಿದ್ದವು. ಅಲ್ಲಿನ ಸಂಬಳಕ್ಕೂ ಪಶ್ಚಿಮದ ಸಂಬಳಕ್ಕೂ ಅಜಗಜಾಂತರ. ಹಳೆಯ ಸದಸ್ಯ ದೇಶಗಳು ಏಳು ವರ್ಷದವರೆಗೆ ನಿರ್ಬಂಧ ಹೇರಲು ಅವಕಾಶವಿತ್ತು. ಜರ್ಮನಿ, ಆಸ್ಟ್ರಿಯಾ 2011ರ ತನಕ ಅದನ್ನು ಬಳಸಿಕೊಂಡವು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಮೊದಲ ದಿನವೇ ಬಾಗಿಲು ತೆರೆದವು.

ಬ್ರಿಟನ್ನಿನ ಗೃಹ ಇಲಾಖೆ ಮಾಡಿಸಿದ ಅಧ್ಯಯನ ವರ್ಷಕ್ಕೆ 5,000ದಿಂದ 13,000 ಜನ ಬಂದು ನೆಲೆಸಬಹುದೆಂದು ಅಂದಾಜಿಸಿತ್ತು. ಇತರ ದೊಡ್ಡ ದೇಶಗಳೂ ಬಾಗಿಲು ತೆರೆಯುತ್ತವೆ ಎಂಬ ಊಹೆ ಅದರ ಹಿಂದಿತ್ತು. ಆ ಊಹೆ ಹುಸಿಯಾಯಿತು. ಕೆಲವೇ ವರ್ಷಗಳಲ್ಲಿ ಬಂದವರು ಲಕ್ಷಗಟ್ಟಲೆ. ಸರ್ಕಾರದ ಮಾತಿನ ಮೇಲೆ ಜನರಿಗಿದ್ದ ನಂಬಿಕೆ ಮೊದಲು ಸಡಿಲವಾದದ್ದು ಇಲ್ಲಿ.

ಲಿಂಕನ್‌ಶೈರಿನ ಬಾಸ್ಟನ್ ಪಟ್ಟಣವನ್ನು ನೋಡಿ. ಸುತ್ತಲೂ ಎಲೆಕೋಸು, ಹೂಕೋಸು, ಆಲೂಗಡ್ಡೆ ಬೆಳೆಯುವ ಸಮತಟ್ಟಾದ ಹೊಲಗಳು, ತರಕಾರಿ ಪ್ಯಾಕ್ ಮಾಡುವ ಶೆಡ್ಡುಗಳು. ಹೊಲಕ್ಕೆ ಆಳುಗಳನ್ನು ಒದಗಿಸುವುದು ಗ್ಯಾಂಗ್‌ಮಾಸ್ಟರ್‌ಗಳೆಂಬ ಮೇಸ್ತ್ರಿಗಳು ಮತ್ತು ಏಜೆನ್ಸಿಗಳು. ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾದವರು ಬಂದು ಈ ಕೆಲಸಕ್ಕೆ ನಿಂತರು. ಒಂದೇ ಮನೆಯನ್ನು ಹಲವರು ಹಂಚಿಕೊಂಡು ಬಾಡಿಗೆ ಕಟ್ಟಿದರು. 2011ರ ಜನಗಣತಿಯ ಹೊತ್ತಿಗೆ ಇಲ್ಲಿ ಹತ್ತರಲ್ಲೊಬ್ಬರು ಹೊಸ ಸದಸ್ಯ ದೇಶಗಳಲ್ಲಿ ಹುಟ್ಟಿದವರಾಗಿದ್ದರು. ಬಹುಪಾಲು ಒಂದೇ ದಶಕದೊಳಗೆ ಆದ ಬದಲಾವಣೆ ಇದು. 2016ರ ಜೂನ್ 23ರ ಜನಮತಗಣನೆಯಲ್ಲಿ ಒಕ್ಕೂಟ ಬಿಡಬೇಕೆಂದು ಇಲ್ಲಿ ಮತ ಹಾಕಿದವರು ಶೇ. 75.6, ಇಡೀ ದೇಶದಲ್ಲೇ ಅತಿ ಹೆಚ್ಚು. ಅದೇ ದಿನ, ವಲಸಿಗರು ತಲೆಮಾರುಗಳಿಂದ ನೆಲೆಸಿರುವ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಶೇ. 78.6 ಜನ ಉಳಿಯೋಣವೆಂದರು. ವಲಸಿಗರ ಸಂಖ್ಯೆಯೊಂದೇ ಕಾರಣವಾಗಿದ್ದರೆ ಫಲಿತಾಂಶ ತಿರುವುಮುರುವಾಗಿರಬೇಕಿತ್ತು. ಬದಲಾವಣೆಯ ವೇಗ, ಅದಕ್ಕೆ ತಕ್ಕ ಸಿದ್ಧತೆ ಇಲ್ಲದ್ದು ಬಾಸ್ಟನ್ನನ್ನು ಕೆಣಕಿತು. ಪರಭಾಷಿಕರನ್ನು ಕಂಡರಾಗದ ದ್ವೇಷವೂ ಅಲ್ಲಲ್ಲಿ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮುಕ್ಕಾಲು ಪಟ್ಟಣವನ್ನು ಆ ಒಂದೇ ಪದದಲ್ಲಿ ಕಟ್ಟಿಹಾಕುವುದು ಸೋಮಾರಿತನ.

ವಲಸೆಯ ಪರವಾಗಿ ಮಾತನಾಡಿದವರ ವಾದವೂ ಜನರನ್ನು ಮುಟ್ಟಲಿಲ್ಲ. ಅವರು ಮತ್ತೆಮತ್ತೆ ಹೇಳಿದ್ದು ದೇಶದ ಸರಾಸರಿ ಲೆಕ್ಕ. ಆ ಲೆಕ್ಕ ಸುಳ್ಳಲ್ಲ: ಯುರೋಪಿನಿಂದ ಬಂದವರು ಒಟ್ಟಾರೆ ತಾವು ಪಡೆಯುವುದಕ್ಕಿಂತ ಹೆಚ್ಚು ತೆರಿಗೆ ಕಟ್ಟುತ್ತಾರೆ, ಸಂಬಳದ ಮೇಲೆ ಅವರ ಪರಿಣಾಮ ಅಲ್ಪ ಎಂದು ಸರ್ಕಾರದ ವಲಸೆ ಸಲಹಾ ಸಮಿತಿಯೇ 2018ರಲ್ಲಿ ವರದಿ ಕೊಟ್ಟಿತು. ಆದರೆ ತೆರಿಗೆ ಸೇರುವುದು ಲಂಡನ್ನಿನ ಖಜಾನೆಗೆ, ನೂಕುನುಗ್ಗಲು ಬಾಸ್ಟನ್ನಿನ ಶಾಲೆಯಲ್ಲಿ, ಡಾಕ್ಟರ ಸರದಿಯಲ್ಲಿ. ಆ ಲಾಭದಲ್ಲಿ ಈ ಪಟ್ಟಣದ ಪಾಲೆಷ್ಟು ಎಂಬ ಪ್ರಶ್ನೆಗೆ ಸರಾಸರಿಯಲ್ಲಿ ಉತ್ತರವಿಲ್ಲ.

ಜನಮತಗಣನೆ ಎಂಬ ಸಾಧನ ಎಷ್ಟು ಒರಟು ಎಂಬುದೂ ಆಗಲೇ ಬಯಲಾಯಿತು. ಬಳಿಕ ಬ್ರಿಟನ್ನಿನ ನ್ಯಾಟ್‌ಸೆನ್ ಸಂಸ್ಥೆ ವಿಚಾರಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಜನ ಒಕ್ಕೂಟದೊಂದಿಗೆ ಮುಕ್ತ ವ್ಯಾಪಾರ ಇರಲಿ ಎಂದರು, ಸುಮಾರು ಏಳು ಜನ ಒಕ್ಕೂಟದಿಂದ ಬರುವವರ ಸಂಖ್ಯೆಗೆ ಮಿತಿಯೂ ಇರಲಿ ಎಂದರು. ಒಕ್ಕೂಟದ ಏಕ ಮಾರುಕಟ್ಟೆಯ ನಿಯಮದಲ್ಲಿ ಇವೆರಡೂ ಒಟ್ಟಿಗೆ ಸಿಗುವಂತಿರಲಿಲ್ಲ. ಯಾವುದಕ್ಕೆ ಯಾವುದನ್ನು ಬಿಟ್ಟುಕೊಡುತ್ತೀರಿ ಎಂಬ ನಿಜವಾದ ಪ್ರಶ್ನೆ ಮತಪತ್ರದಲ್ಲಿ ಇರಲೇ ಇಲ್ಲ.

ಆ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡ್ ಸಾಕ್ಷಿ. ಒಕ್ಕೂಟದ ಸದಸ್ಯನಲ್ಲದಿದ್ದರೂ ಒಪ್ಪಂದದ ಮೂಲಕ ಅದು 2002ರಿಂದ ಮುಕ್ತ ಸಂಚಾರವನ್ನು ಒಪ್ಪಿಕೊಂಡಿದೆ. 2014ರ ಫೆಬ್ರುವರಿ 9ರಂದು ವಲಸೆಗೆ ಮಿತಿ ಹಾಕುವ ಪ್ರಸ್ತಾವ ಅಲ್ಲಿ ಶೇ. 50.3 ಮತದೊಂದಿಗೆ ಗೆದ್ದಿತು. ಅಂತರ ಇಪ್ಪತ್ತು ಸಾವಿರ ಮತಕ್ಕಿಂತಲೂ ಕಡಿಮೆ. ಇಟಲಿಯ ಗಡಿಗೆ ಅಂಟಿಕೊಂಡ ಟಿಚಿನೋದಲ್ಲಿ ಮಾತ್ರ ಶೇ. 68 ಜನ ಅದರ ಪರ ನಿಂತರು. ಸುಮಾರು ಮೂರೂವರೆ ಲಕ್ಷ ಜನರ ಆ ಪ್ರಾಂತ್ಯಕ್ಕೆ ಅರವತ್ತು ಸಾವಿರಕ್ಕೂ ಹೆಚ್ಚು ಇಟಾಲಿಯನ್ನರು ಗಡಿ ದಾಟಿ ಕೆಲಸಕ್ಕೆ ಬರುತ್ತಿದ್ದರು. ಇಟಲಿಯ ಖರ್ಚಿನಲ್ಲಿ ಬದುಕುವವನು ಒಪ್ಪುವ ಸಂಬಳದಲ್ಲಿ ಟಿಚಿನೋದ ಬಾಡಿಗೆ ಕಟ್ಟಲಾಗದು. ಅಲ್ಲಿನವರ ದೂರು ಇದು. ಮರುವರ್ಷವೇ ಆ ಪ್ರಾಂತ್ಯ ಕನಿಷ್ಠ ವೇತನ ಬೇಕೆಂದು ಮತ ಹಾಕಿತು.

2020ರ ಸೆಪ್ಟೆಂಬರಿನಲ್ಲಿ ಮುಕ್ತ ಸಂಚಾರದ ಒಪ್ಪಂದವನ್ನೇ ಕೊನೆಗೊಳಿಸುವ ಪ್ರಸ್ತಾವ ಜನರ ಮುಂದೆ ಬಂತು. ಶೇ. 61.7 ಮತದಾರರು ಅದನ್ನು ತಿರಸ್ಕರಿಸಿದರು. ಈ ಸಲ ಬೆಲೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು: ಇದೊಂದು ಹೋದರೆ ಒಕ್ಕೂಟದೊಂದಿಗಿನ ಇನ್ನಾರು ಒಪ್ಪಂದಗಳೂ ಬೀಳುತ್ತವೆ. ವಲಸೆಯ ಪ್ರಮಾಣವೂ ಅಷ್ಟರಲ್ಲಿ ತಗ್ಗಿತ್ತು. ಜತೆಗೆ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ನಿರುದ್ಯೋಗ ಹೆಚ್ಚಿರುವ ಕಸುಬುಗಳಲ್ಲಿ ಖಾಲಿ ಕೆಲಸಗಳನ್ನು ಮೊದಲು ಉದ್ಯೋಗ ಕಚೇರಿಗೆ ತಿಳಿಸಬೇಕೆಂಬ ನಿಯಮ 2018ರಲ್ಲಿ ಜಾರಿಯಾಗಿತ್ತು. ಅರವತ್ತು ದಾಟಿ ಕೆಲಸ ಕಳೆದುಕೊಂಡವರಿಗೆ ನಿವೃತ್ತಿಯ ತನಕ ಆಸರೆಯಾಗುವ ಭತ್ಯೆಗೆ ಮತದಾನಕ್ಕೆ ಕೆಲವೇ ತಿಂಗಳ ಮೊದಲು ಸಂಸತ್ತು ಒಪ್ಪಿಗೆ ಕೊಟ್ಟಿತ್ತು. ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಒಂದೇ ಕಡೆ ನಿಂತವು. ಆರು ವರ್ಷದಲ್ಲಿ ಸ್ವಿಸ್ ಜನ ಉದಾರಿಗಳಾಗಿಬಿಟ್ಟರೆಂದಲ್ಲ, ಟಿಚಿನೋ ಆಗಲೂ ಪ್ರಸ್ತಾವದ ಪರವೇ ಇತ್ತು. ಉಳಿದವರ ಆತಂಕಕ್ಕೆ ಮಾತ್ರ ಯಾರೋ ಕಿವಿಗೊಟ್ಟಿದ್ದರು.

ಜನರು ಹೊರಟುಹೋದ ಊರುಗಳ ಅಭಿಪ್ರಾಯವನ್ನು ಈ ಚರ್ಚೆ ಬಹುತೇಕ ಮರೆತಿದೆ. ಬಲ್ಗೇರಿಯಾದಲ್ಲಿ 1980ರ ದಶಕದ ಕೊನೆಗೆ ಸುಮಾರು 90 ಲಕ್ಷ ಜನರಿದ್ದರು. 2021ರ ಗಣತಿಯಲ್ಲಿ ಸುಮಾರು 65 ಲಕ್ಷ. ಜನನ ಪ್ರಮಾಣ ಕುಸಿದದ್ದು ಒಂದು ಕಾರಣ, ಜನ ದೇಶ ಬಿಟ್ಟದ್ದು ಇನ್ನೊಂದು. ವಿದೇಶಾಂಗ ಸಂಬಂಧಗಳ ಯುರೋಪಿಯನ್ ಮಂಡಳಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ರೊಮೇನಿಯಾ, ಪೋಲೆಂಡ್, ಹಂಗೇರಿ, ಇಟಲಿ, ಸ್ಪೇನ್, ಗ್ರೀಸ್‌ಗಳಲ್ಲಿ ಬರುವವರಿಗಿಂತ ಬಿಟ್ಟುಹೋಗುವವರ ಚಿಂತೆಯೇ ಜನರಿಗೆ ಹೆಚ್ಚು. ಅಜ್ಜಿಯ ಬಳಿ ಮಕ್ಕಳನ್ನು ಬಿಟ್ಟು ತಾಯಿ ಇಟಲಿಯಲ್ಲಿ ಯಾರದೋ ವೃದ್ಧ ತಂದೆಯನ್ನು ನೋಡಿಕೊಳ್ಳುವ ಸ್ಥಿತಿ ರೊಮೇನಿಯಾದ ಹಳ್ಳಿಗಳಲ್ಲಿ ಮಾಮೂಲಾಗಿದೆ. ಆ ತಾಯಿಯೂ ಮುಕ್ತ ಸಂಚಾರ ಬೇಕೆಂದೇ ಹೇಳಬಹುದು. ಅದಿಲ್ಲದಿದ್ದರೆ ಮನೆಗೆ ಹಣ ಬರುವುದಿಲ್ಲ. ಆ ಬೇಕು ಎಂಬುದರಲ್ಲಿ ಎಷ್ಟು ಸಂತೋಷ, ಎಷ್ಟು ನಿರುಪಾಯ ಎಂಬುದನ್ನು ಹೌದು-ಅಲ್ಲದ ಸಮೀಕ್ಷೆ ತೋರಿಸಲಾರದು.

ಒಕ್ಕೂಟ ಬಿಟ್ಟ ಬ್ರಿಟನ್ 2020ರ ಕೊನೆಯ ದಿನ ಮುಕ್ತ ಸಂಚಾರಕ್ಕೆ ತೆರೆ ಎಳೆಯಿತು. ಮರುವರ್ಷವೇ ಲಾರಿ ಚಾಲಕರು ಸಾಲಲಿಲ್ಲ, ಕೊಯ್ಲಿಗೆ ಆಳುಗಳು ಸಿಗಲಿಲ್ಲ. ಆ ಜಾಗಕ್ಕೆ ಯುರೋಪಿನ ಹೊರಗಿನವರು ಬಂದರು. 2023ರ ಮಧ್ಯದ ಹೊತ್ತಿಗೆ ನಿವ್ವಳ ವಲಸೆ ವರ್ಷಕ್ಕೆ 9 ಲಕ್ಷದ ಆಸುಪಾಸು ತಲುಪಿ ದಾಖಲೆ ಬರೆಯಿತು. ಬಂದವರಲ್ಲಿ ಭಾರತೀಯರದು ದೊಡ್ಡ ಪಾಲು. ವಿದ್ಯಾರ್ಥಿಗಳು, ಐಟಿಯವರು, ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರು. ಯುರೋಪಿನ ಕಾರ್ಮಿಕನಿಗೆ ಕೆಲಸ ಬದಲಿಸುವ ಸ್ವಾತಂತ್ರ್ಯವಿತ್ತು. ಕೆಲಸದ ವೀಸಾದ ಮೇಲೆ ಹೋದ ನಮ್ಮವರ ಇರವು ಪ್ರಾಯೋಜಿಸಿದ ಮಾಲೀಕನಿಗೆ ಕಟ್ಟುಬಿದ್ದದ್ದು. ಅಂದರೆ ಬ್ರಿಟನ್ ಹಕ್ಕುಳ್ಳ ಕಾರ್ಮಿಕರನ್ನು ಬಿಟ್ಟು ಹಕ್ಕು ಕಡಿಮೆಯಿರುವ ಕಾರ್ಮಿಕರನ್ನು ಕರೆಸಿಕೊಂಡಿತು. ಮತ ಹಾಕಿದವರು ಕೇಳಿದ್ದು ಇದನ್ನಲ್ಲ.

ಮುಕ್ತ ಸಂಚಾರ ಯುದ್ಧೋತ್ತರ ಯುರೋಪ್ ಕಟ್ಟಿದ ಅತ್ಯಂತ ಮಾನವೀಯ ವ್ಯವಸ್ಥೆಗಳಲ್ಲೊಂದು ಎಂದು ನಾನು ನಂಬುತ್ತೇನೆ. ಒಕ್ಕೂಟ ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಕಳಿಸಲಾಗುವ ಕೆಲಸಗಾರರ ಕುರಿತ ನಿಯಮವನ್ನು 2018ರಲ್ಲಿ ತಿದ್ದಿ, ಒಂದೇ ಜಾಗದ ಒಂದೇ ಕೆಲಸಕ್ಕೆ ಒಂದೇ ಸಂಬಳ ಎಂಬ ತತ್ತ್ವವನ್ನು ಒಪ್ಪಿಕೊಂಡದ್ದು ಸರಿಯಾದ ಹೆಜ್ಜೆ, ತಡವಾಗಿ ಇಟ್ಟದ್ದು. ಸ್ವಾತಂತ್ರ್ಯದ ಜತೆಗೇ ಕೂಲಿಯ ಕಾವಲು, ಮನೆ, ಶಾಲೆ ಬಂದಿದ್ದರೆ ಬಾಸ್ಟನ್ನಿನ ಎಷ್ಟೋ ಮತಗಳು ಬೇರೆಯಾಗುತ್ತಿದ್ದವು. ಇನ್ನು ಮುಂದೆ ಇಷ್ಟು ಜನ ಪರ, ಇಷ್ಟು ಜನ ವಿರುದ್ಧ ಎಂಬ ಸುದ್ದಿ ಓದಿದಾಗ ಆ ಅಂಕಿಯನ್ನು ನಂಬುವ ಮೊದಲು ಅವರನ್ನು ಕೇಳಿದ ಪ್ರಶ್ನೆ ಏನಿತ್ತು ಎಂದು ಓದುಗರು ವಿಚಾರಿಸಬೇಕು.