ಪಠ್ಯದಿಂದ ಹೊರಬಿದ್ದ ಜೀರುಂಡೆ, ಪಠ್ಯಕ್ಕೆ ಬಂದ ಗಾಂಧಾರಿ

ಎರಡು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದುವ ಪ್ರಯತ್ನ ಇದು. ಒಂದು, ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿದ್ದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ. 2022ರಲ್ಲಿ ಮಕ್ಕಳ ಹೊರೆ ಇಳಿಸಬೇಕೆಂದು ಅದರಿಂದ ವಿಕಾಸದ ಭಾಗವನ್ನು ತೆಗೆದರು. ಈಗ ಉಳಿದಿರುವುದು ಬರೀ ‘ಅನುವಂಶೀಯತೆ’. ಇನ್ನೊಂದು, ‘ತೇಜೋಮಯ ಭಾರತ್’ ಎಂಬ ಗುಜರಾತಿ ಪುಸ್ತಕ. 2014ರಲ್ಲಿ ಗುಜರಾತ್ ಸರ್ಕಾರ ದೀನಾನಾಥ್ ಬಾತ್ರಾ ಅವರ ಎಂಟು ಪುಸ್ತಕಗಳ ಜೊತೆ ಇದನ್ನೂ ಸುಮಾರು 42,000 ಶಾಲೆಗಳಿಗೆ ಪೂರಕ ಓದಿಗೆಂದು ಹಂಚಿತು.

ಒಂದನ್ನು ತೆಗೆದವರು ದೆಹಲಿಯವರು, ಇನ್ನೊಂದನ್ನು ಕೊಟ್ಟವರು ಗಾಂಧಿನಗರದವರು. ನಡುವೆ ಎಂಟು ವರ್ಷಗಳ ಅಂತರವಿದೆ. ಎರಡನ್ನೂ ಒಂದೇ ಪಿತೂರಿಯ ಗಂಟಿಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಎಂಥ ಬರವಣಿಗೆ ತಪ್ಪಿಹೋಯಿತು, ಎಂಥದ್ದು ಸಿಕ್ಕಿತು ಎಂದು ನೋಡುವುದಷ್ಟೇ ಇಲ್ಲಿಯ ಕೆಲಸ.

ಮೊದಲು ತೆಗೆದುಹಾಕಿದ್ದನ್ನು ನೋಡೋಣ. ಆ ಅಧ್ಯಾಯ ಡಾರ್ವಿನ್‌ನ ಹೆಸರು ಹೇಳಿ ಶುರುವಾಗುತ್ತಿರಲಿಲ್ಲ. ಹಸಿರು ಪೊದೆಯಲ್ಲಿರುವ ಹನ್ನೆರಡು ಕೆಂಪು ಜೀರುಂಡೆಗಳನ್ನು ಊಹಿಸಿಕೊಳ್ಳಿ ಎನ್ನುತ್ತಿತ್ತು. ಕಾಗೆಗಳು ಅವನ್ನು ಹೆಕ್ಕಿ ತಿನ್ನುತ್ತವೆ. ಹೇಗೋ ಒಂದು ಹಸಿರು ಜೀರುಂಡೆ ಹುಟ್ಟುತ್ತದೆ. ಎಲೆಯ ನಡುವೆ ಅದು ಕಾಗೆಯ ಕಣ್ಣಿಗೆ ಬೀಳುವುದಿಲ್ಲ, ಅದರ ಸಂತತಿ ಬೆಳೆಯುತ್ತದೆ. ಎರಡನೇ ಕಥೆಯಲ್ಲಿ ಹುಟ್ಟುವುದು ನೀಲಿ ಜೀರುಂಡೆ. ನೀಲಿ ಬಣ್ಣದಿಂದ ಅದಕ್ಕೆ ಲಾಭವೇನೂ ಇಲ್ಲ. ಆದರೆ ಆನೆಯೊಂದು ಪೊದೆ ತುಳಿದಾಗ ಉಳಿದುಕೊಂಡವುಗಳಲ್ಲಿ ಹೆಚ್ಚಿನವು ನೀಲಿಯಾಗಿರುತ್ತವೆ. ಮೂರನೆಯದರಲ್ಲಿ ಪೊದೆಗೆ ರೋಗ ಬಂದು, ಮೇವಿಲ್ಲದೆ ಜೀರುಂಡೆಗಳು ಸೊರಗುತ್ತವೆ. ಆ ಸೊರಗು ಮಾತ್ರ ಮರಿಗಳಿಗೆ ದಾಟುವುದಿಲ್ಲ.

ಒಂದೇ ಹುಳು, ಮೂರು ಕಥೆ, ಮೂರು ಬೇರೆ ಕಾರಣ: ಆಯ್ಕೆ, ಆಕಸ್ಮಿಕ, ಅಭಾವ. ಇದನ್ನು ಒಳ್ಳೆಯ ಗದ್ಯ ಎನ್ನಲು ನನಗೆ ಹಿಂಜರಿಕೆಯಿಲ್ಲ. ಎರಡನೆಯ ಕಥೆ ಇದ್ದುದರಿಂದ, ಬದುಕಿದ್ದೆಲ್ಲ ಬಲಿಷ್ಠವೇ ಎಂಬ ಅಗ್ಗದ ತೀರ್ಮಾನಕ್ಕೆ ಮಗು ಜಾರುತ್ತಿರಲಿಲ್ಲ. ಅಧ್ಯಾಯದ ಕೊನೆಯಲ್ಲಿ ವಿಕಾಸವನ್ನು ಪ್ರಗತಿ ಎಂದು ತಿಳಿಯಬಾರದು ಎನ್ನುವ ಭಾಗವೂ ಇತ್ತು. ಮನುಷ್ಯ ಚಿಂಪಾಂಜಿಯಿಂದ ಬಂದವನಲ್ಲ, ಇಬ್ಬರಿಗೂ ಬಹು ಹಿಂದೆ ಒಂದೇ ಪೂರ್ವಜ ಇತ್ತು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಆದ್ದರಿಂದ ಡಾರ್ವಿನ್ ತಪ್ಪು ಎಂದು 2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಹೇಳಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಉತ್ತರಿಸಬೇಕಾಯಿತು. ಆ ಉತ್ತರ ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇತ್ತು. ಈಗ ಇಲ್ಲ.

ತೆಗೆದವರ ವಾದವನ್ನೂ ಕೇಳಬೇಕು. ಕೊರೋನಾದಲ್ಲಿ ಮಕ್ಕಳ ಎರಡು ವರ್ಷ ಹಾಳಾಗಿತ್ತು, ಹೊರೆ ನಿಜವಾಗಿಯೂ ಹೆಚ್ಚಿತ್ತು. ವಿಷಯ ಬೇರೆ ತರಗತಿಯಲ್ಲಿ ಬರುತ್ತಿದ್ದರೆ, ಕಠಿಣವಾಗಿದ್ದರೆ, ಇಂದಿಗೆ ಅಪ್ರಸ್ತುತವಾಗಿದ್ದರೆ ಕೈಬಿಡಬಹುದು ಎಂಬ ಮಾನದಂಡಗಳಿದ್ದವು. ವಿಕಾಸವಾದ ಹನ್ನೆರಡನೇ ತರಗತಿಯಲ್ಲಿ ಇದ್ದೇ ಇದೆ ಎಂಬುದು ಅವರ ಸಮಜಾಯಿಷಿ. ಆದರೆ ಹನ್ನೆರಡರಲ್ಲಿ ಅದನ್ನು ಓದುವುದು ಜೀವಶಾಸ್ತ್ರ ತೆಗೆದುಕೊಂಡವರು ಮಾತ್ರ. ಸೂರತ್‌ನಲ್ಲಿ ಕಾಮರ್ಸ್ ಓದಿ ಜವಳಿ ವ್ಯಾಪಾರಕ್ಕೆ ಇಳಿಯುವ ಹುಡುಗನಿಗೆ ಅದು ಸಿಗುವುದಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟು ಎಲೆಕ್ಟ್ರಾನಿಕ್ಸ್ ಹಿಡಿದು ಇಂಜಿನಿಯರ್ ಆದ ನನ್ನಂಥವರಿಗೂ ಅಷ್ಟೇ. ನಮಗೆಲ್ಲ ಹತ್ತನೇ ಕ್ಲಾಸೇ ಜೀವಶಾಸ್ತ್ರದ ಕೊನೆಯ ನಿಲ್ದಾಣ.

ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಸ್ಕೋಪ್ ಕಡಿಮೆ ಮಾಡುವುದು ನಮಗೆ ದಿನನಿತ್ಯದ ಕೆಲಸ. ಆಗ ನಾವು ಕೇಳುವ ಪ್ರಶ್ನೆ ಒಂದೇ: ಇದನ್ನು ತೆಗೆದರೆ ಇದರ ಮೇಲೆ ನಿಂತಿರುವುದು ಏನೇನು ಬೀಳುತ್ತದೆ? ಜೀವಿಗಳ ವರ್ಗೀಕರಣ ವಿಕಾಸದ ಮೇಲೆ ನಿಂತಿದೆ. ಆಂಟಿಬಯಾಟಿಕ್‌ಗೆ ಬಗ್ಗದ ರೋಗಾಣುವಿನ ಕಥೆಯೂ ಅದರ ಮೇಲೇ ನಿಂತಿದೆ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ಗೆ ಪ್ಲೇಗ್ ಬಂತೆಂದು ಲಕ್ಷಾಂತರ ಜನ ಊರು ಬಿಟ್ಟರು, ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿಯಾಯಿತು. ಅಂಥ ಔಷಧಿಯನ್ನು ಬೇಕಾಬಿಟ್ಟಿ ನುಂಗಿದಾಗಲೆಲ್ಲ ಸಾಯದೆ ಉಳಿಯುವ ಬ್ಯಾಕ್ಟೀರಿಯಾ, ಕಾಗೆಯ ಕಣ್ಣು ತಪ್ಪಿಸಿದ ಹಸಿರು ಜೀರುಂಡೆಯೇ. ಇದು ಅಪ್ರಸ್ತುತವಾಗುವುದು ಹೇಗೆ?

ಇನ್ನು ‘ತೇಜೋಮಯ ಭಾರತ್’. ನಮ್ಮಲ್ಲಿಯ ಜಗಳ ಅಮೆರಿಕದ ಜಗಳದಂತಲ್ಲ ಎಂಬುದು ಇದನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಸೃಷ್ಟಿವಾದಿಗಳು ಡಾರ್ವಿನ್‌ನನ್ನು ನೇರವಾಗಿ ನಿರಾಕರಿಸಿದರು. ವಿಷಯ ಕೋರ್ಟಿಗೆ ಹೋಯಿತು, ಸಾಕ್ಷಿಗಳ ಪಾಟೀಸವಾಲು ನಡೆಯಿತು, 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಶಾಲೆಗಳ ಮೊಕದ್ದಮೆಯಲ್ಲಿ ‘ಬುದ್ಧಿವಂತ ವಿನ್ಯಾಸ’ ವಿಜ್ಞಾನವಲ್ಲ ಎಂದು ತೀರ್ಪು ಬಂತು. ನಮ್ಮಲ್ಲಿ ನಿರಾಕರಣೆ ಕಡಿಮೆ. ‘ಇದೆಲ್ಲ ನಮ್ಮವರಿಗೆ ಆಗಲೇ ಗೊತ್ತಿತ್ತು’ ಎನ್ನುವುದು ನಮ್ಮ ಧಾಟಿ. ಈ ಪುಸ್ತಕದಲ್ಲಿ ಕೌರವರ ಜನನ ಸ್ಟೆಮ್ ಸೆಲ್ ಸಂಶೋಧನೆಯಾಗುತ್ತದೆ, ಸಂಜಯನ ದೃಷ್ಟಿ ಟೆಲಿವಿಷನ್ ಆಗುತ್ತದೆ, ಕುದುರೆಯಿಲ್ಲದ ರಥ ಮೋಟಾರು ಕಾರಾಗುತ್ತದೆ.

ಇದು ವಿಜ್ಞಾನಕ್ಕೆ ಮಾಡಿದ ಅನ್ಯಾಯ ಎಂದು ಬಹಳ ಜನ ಬರೆದಿದ್ದಾರೆ. ಮಹಾಭಾರತಕ್ಕೆ ಆದ ಅನ್ಯಾಯದ ಬಗ್ಗೆ ಬರೆದವರು ಕಡಿಮೆ. ಗಾಂಧಾರಿ ಎರಡು ವರ್ಷ ಬಸಿರು ಹೊತ್ತವಳು. ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ ಅವಳು ತನ್ನ ಹೊಟ್ಟೆಯನ್ನು ತಾನೇ ಗುದ್ದಿಕೊಳ್ಳುತ್ತಾಳೆ. ಹೊರಬೀಳುವುದು ಒಂದು ಮಾಂಸದ ಮುದ್ದೆ. ಮತ್ಸರ, ಹತಾಶೆ, ಮುಂದೆ ಕುರುಕ್ಷೇತ್ರದಲ್ಲಿ ಬೀಳಲಿರುವ ಹೆಣಗಳ ನೆರಳು, ಎಲ್ಲ ಆ ಒಂದು ಏಟಿನಲ್ಲಿವೆ. ಅದನ್ನು ಪ್ರಯೋಗಾಲಯದ ವರದಿ ಮಾಡಿದ ಕ್ಷಣ ಗಾಂಧಾರಿ ಮಾಯವಾಗಿ ತುಪ್ಪದ ಕೊಡಗಳಷ್ಟೇ ಉಳಿಯುತ್ತವೆ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ಕನ್ನಡಿಗರಿಗಾದರೂ ಈ ನಷ್ಟ ಗೊತ್ತಾಗಬೇಕು.

ದಶಾವತಾರವೇ ವಿಕಾಸವಾದ ಎನ್ನುವ ಮಾತಿಗೂ ಇದೇ ಉತ್ತರ. ಮತ್ಸ್ಯ, ಕೂರ್ಮ, ವರಾಹ ಎಂಬ ಸಾಲು ಹೊರನೋಟಕ್ಕೆ ಹೊಂದುತ್ತದೆ, ನಿಜ. ಆದರೆ ಅವತಾರದಲ್ಲಿ ಒಬ್ಬನೇ, ಒಂದು ಉದ್ದೇಶಕ್ಕಾಗಿ, ತಾನಾಗಿ ರೂಪ ತಾಳಿ ಇಳಿದು ಬರುತ್ತಾನೆ. ಜೀರುಂಡೆಯ ಕಥೆಯಲ್ಲಿ ಯಾರೂ ಇಳಿದು ಬರುವುದಿಲ್ಲ, ಯಾರಿಗೂ ಉದ್ದೇಶವಿಲ್ಲ. ಕರುಣೆಯ ಕಥೆಯನ್ನು ಕಾರಣದ ಕಥೆಗೆ ಅಂಟಿಸಿದರೆ ಎರಡೂ ಹರಿಯುತ್ತವೆ.

ಪುರಾಣ, ವಿಜ್ಞಾನ ಎರಡೂ ಗೌರವದಿಂದ ಒಟ್ಟಿಗಿರುವುದು ಹೇಗೆಂದು ಗುಜರಾತಿನ ಮಣ್ಣೇ ತೋರಿಸಿದೆ. ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆಗಳನ್ನು ಅಧ್ಯಯನ ಮಾಡಿದ ಐಐಟಿ ರೂರ್ಕಿಯ ದೇಬಜಿತ್ ದತ್ತಾ ಮತ್ತು ಸುನಿಲ್ ಬಾಜಪೇಯಿ 2024ರಲ್ಲಿ ಒಂದು ಹಾವನ್ನು ಲೋಕಕ್ಕೆ ಪರಿಚಯಿಸಿದರು. ಸುಮಾರು 4.7 ಕೋಟಿ ವರ್ಷ ಹಳೆಯದು, ಅಂದಾಜು 11ರಿಂದ 15 ಮೀಟರ್ ಉದ್ದ. ಅದಕ್ಕಿಟ್ಟ ಹೆಸರು ವಾಸುಕಿ ಇಂಡಿಕಸ್. ಸಮುದ್ರ ಕಡೆದ ಹಗ್ಗ ಇದೇ ಎಂದು ಅವರು ಹೇಳಲಿಲ್ಲ. ಹೆಸರನ್ನು ಪುರಾಣದಿಂದ ಪಡೆದರು, ವಯಸ್ಸನ್ನು ಬಂಡೆಯಿಂದ ಪಡೆದರು.

ಅದೇ ಕಛ್‌ನಲ್ಲಿ ಕಾಲಿದ್ದ ತಿಮಿಂಗಿಲಗಳ ಪಳೆಯುಳಿಕೆಗಳೂ ಸಿಕ್ಕಿವೆ. 2000ದಲ್ಲಿ ವಿವರಿಸಲಾದ ಒಂದರ ಹೆಸರು ಕಛ್‌ಅನ್ನೇ ಹೊತ್ತಿದೆ: ಕಚ್ಛಿಸೀಟಸ್. ವಡೋದರಾದ ಸಯಾಜಿಬಾಗ್ ವಸ್ತುಸಂಗ್ರಹಾಲಯದಲ್ಲಿ ತಿಮಿಂಗಿಲದ ದೊಡ್ಡ ಅಸ್ಥಿಪಂಜರವಿದೆ. ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಡೈನೋಸಾರ್‌ಗಳಿಗಾಗಿ ಸರ್ಕಾರವೇ ಸಂಗ್ರಹಾಲಯ ಕಟ್ಟಿದೆ. ಪಳೆಯುಳಿಕೆ ನೋಡಲು ಟಿಕೆಟ್ ಸಿಗುತ್ತದೆ, ಅದು ಹೇಗಾಗುತ್ತದೆಂದು ಹೇಳುತ್ತಿದ್ದ ಪುಟ ಮಾತ್ರ ಪುಸ್ತಕದಲ್ಲಿಲ್ಲ.

ಕನ್ನಡದಲ್ಲಿ ಈ ಕೊರತೆ ತುಂಬಲು ನಮಗೆ ‘ಕರ್ವಾಲೊ’ ಇದೆ. ತೇಜಸ್ವಿಯವರ ಕಾದಂಬರಿಯಲ್ಲಿ ಹಾರುವ ಓತಿಯನ್ನು ಕಂಡವನು ಮಂದಣ್ಣ. ವಿಜ್ಞಾನಿ ಕರ್ವಾಲೊ ಅವನ ಮಾತನ್ನು ಗೌರವದಿಂದ ಕೇಳುತ್ತಾರೆ, ಆದರೆ ಕೇಳಿ ನಂಬಿ ಸುಮ್ಮನಾಗದೆ ಕಾಡಿಗೆ ಹೊರಡುತ್ತಾರೆ. ಹಳ್ಳಿಯವನ ತಿಳಿವಿಗೆ ಮರ್ಯಾದೆ ಕೊಡುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದೂ ಹೌದು. ಪೂರ್ವಿಕರ ತಿಳಿವಿಗೂ ಇದೇ ಮರ್ಯಾದೆ ಸಲ್ಲಬೇಕು. ಪುರಾಣವನ್ನು ಗೇಲಿ ಮಾಡಿ ವಿಜ್ಞಾನ ಕಲಿಸುತ್ತೇವೆ ಎನ್ನುವವರಿಗೂ ಇದು ಅನ್ವಯಿಸುತ್ತದೆ. ಗೇಲಿ ಕೇಳಿದ ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಅಷ್ಟೇ.

ಎರಡು ಪಠ್ಯಗಳ ವ್ಯತ್ಯಾಸ ಕೊನೆಗೆ ಇಷ್ಟು: ಒಂದು ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಜಾಗ ಕೊಡುತ್ತಿತ್ತು, ಇನ್ನೊಂದು ಆ ಪ್ರಶ್ನೆ ಏಳುವ ಮೊದಲೇ ಹೆಮ್ಮೆ ಪಡು ಎನ್ನುತ್ತದೆ. ಪಠ್ಯ ಮರಳಿ ಬರುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇದೆ. ಹಳೆಯ ಪುಸ್ತಕ ಸಿಕ್ಕರೆ ಜೀರುಂಡೆಯ ಪುಟಗಳನ್ನು ಓದಿಸಿ. ಭಾನುವಾರ ಸಯಾಜಿಬಾಗ್‌ಗೆ ಹೋಗಿ. ತಿಮಿಂಗಿಲಗಳ ಈಜುರೆಕ್ಕೆಯೊಳಗೆ ಮಣಿಕಟ್ಟಿನ ಮೂಳೆ, ಬೆರಳಿನ ಮೂಳೆ ಇರುತ್ತವೆಂದು ಹೇಳಿ, ನೀರಲ್ಲಿರುವುದಕ್ಕೆ ಬೆರಳೇಕೆ ಎಂದು ಮಗುವನ್ನೇ ಕೇಳಿ. ರಾತ್ರಿ ಗಾಂಧಾರಿಯ ಕಥೆಯನ್ನೂ ಹೇಳಿ. ಅವಳೇಕೆ ಹಾಗೆ ಮಾಡಿಕೊಂಡಳು ಎಂದು ಮಗು ಕೇಳಿದರೆ, ಅದಕ್ಕೆ ಸ್ಟೆಮ್ ಸೆಲ್ ಉತ್ತರವಲ್ಲ.